ಬಾಡಿಸಿದ ಎಲೆ

"ಇದು ಯಾರ ರಕ್ತ?"

ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಕರಿಬಸಪ್ಪ ಆಗಷ್ಟೇ ಎಲೆತೋಟದಿಂದ ಬಂದು, ತಲೆಯ ಮೇಲಿನ ಬುಟ್ಟಿ ಇಳಿಸಿ, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದ. ತಂಬಿಗೆ ಎತ್ತಿ ನೀರು ಕುಡಿಯುವಾಗ ಕಂಡಿತು. ಹೊಸ್ತಿಲಿನಿಂದ ಬಚ್ಚಲಿನವರೆಗೆ, ಬಚ್ಚಲಿನಿಂದ ನಡುಗಂಬದವರೆಗೆ ಸಾರಿಸಿದ ನೆಲದ ಮೇಲೆ ಕೆಂಪು ಕಲೆ. ಬೆಕ್ಕೇನಾದರೂ ಇಲಿ ಹಿಡಿದು ಎಳೆದಾಡಿತೋ ಎಂದು ಜೋಳದ ಚೀಲಗಳ ಸಂದಿಯಲ್ಲಿ ಬಗ್ಗಿ ನೋಡಿದ. ಅಲ್ಲೇನೂ ಇರಲಿಲ್ಲ. ಕಲೆಗಳ ಬೆನ್ನು ಹಿಡಿದು ಬಾಗಿಲ ಕಡೆ ನಡೆದ. ನಡೆದಂತೆಲ್ಲ ಕಲೆಗಳು ಹೆಚ್ಚಾದವು.

ಒಳಗಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ನಿನ ಸದ್ದು ನಿಂತಿತು. ಸೊಸೆ ನೇತ್ರಾ ಹೊರಗೆ ಬಂದವಳು ಹೊಸ್ತಿಲಲ್ಲೇ ನಿಂತಳು.

"ಮಾವಾರ, ನಡೀಬ್ಯಾಡ್ರಿ. ಅಲ್ಲೇ ಕುಂತ್ಬಿಡ್ರಿ."

"ಯಾಕ?"

"ಅದು ನಿಮ್ಮ ಕಾಲಿಂದು."

ಹಾಲವಾಣದ ಮುಳ್ಳು. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ನೆಟ್ಟು ಒಳಗೇ ಮುರಿದಿತ್ತು. ವೀಳ್ಯದ ಬಳ್ಳಿ ಹಬ್ಬಲೆಂದು ಎಲೆತೋಟದ ತುಂಬ ಹಾಲವಾಣ, ಚೊಗಚಿ, ನುಗ್ಗಿಯ ಗಿಡ ಹಚ್ಚಿರುತ್ತಾರೆ. ಟೊಂಗೆ ಸವರಿದ ದಿನ ಹಾಲವಾಣದ ಮುಳ್ಳು ನೆಲಕ್ಕೆ ಬಿದ್ದೇ ಬೀಳುತ್ತದೆ. ಹಾಗಂತ ಸವಣೂರಿನಲ್ಲಿ ಚಪ್ಪಲಿ ಮೆಟ್ಟಿ ಎಲೆತೋಟ ಹೊಕ್ಕವರಿಲ್ಲ. ಬಳ್ಳಿಯೆಂದರೆ ಲಕ್ಷ್ಮಿ. ಚಪ್ಪಲಿ ಬದುವಿನ ಮೇಲೇ ಬಿಡಬೇಕು. ಮಗ್ಗುಲ ತೋಟದ ಮಕ್ತುಮಸಾಬನೂ ಅಲ್ಲೇ ಬಿಡುತ್ತಾನೆ. ನಲವತ್ತು ವರ್ಷದಿಂದ ಇಬ್ಬರ ಚಪ್ಪಲಿಯೂ ಒಂದೇ ಬದುವಿನ ಮೇಲೆ ಬಿಸಿಲು ಕಾಯುತ್ತ ಬಂದಿವೆ.

ನೇತ್ರಾ ಅವನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಚಿಮಟಿಗೆಯಿಂದ ಮುಳ್ಳು ಎಳೆದಳು. ಬೆರಳಿನ ಒಂದು ಗೆಣ್ಣಿನಷ್ಟಿತ್ತು.

"ನೋವಾಗ್ಲಿಲ್ಲೇನ್ರಿ?"

"ಏನು, ಆಗ್ಲೇ ತಗದಿ?" ಎಂದು ಕೇಳಿದ ಕರಿಬಸಪ್ಪ.

ನೇತ್ರಾ ತಲೆಯೆತ್ತಿ ಅವನ ಮುಖ ನೋಡಿದಳು.

ಸಂಜೆ ಅನ್ನವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮನೆಯಲ್ಲಿ ಗ್ಯಾಸು ಬಂದು ಎಷ್ಟೋ ವರ್ಷವಾದರೂ ರೊಟ್ಟಿಗೆ ಮಾತ್ರ ಕಟ್ಟಿಗೆಯ ಒಲೆಯೇ ಆಗಬೇಕು. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಿ, ಕೆಂಡದ ಮುಂದೆ ನಿಲ್ಲಿಸಿ ಉಬ್ಬಿಸಿ, ಬರಿಗೈಯಿಂದಲೇ ತೆಗೆದು ಮಗನ ತಾಟಿಗೆ ಹಾಕಿದಳು. ಪ್ರಶಾಂತ ಮುರಿಯಹೋಗಿ ಬೆರಳು ಹಿಂದೆ ತೆಗೆದು ಊದಿಕೊಂಡ.

"ಆಯಿ, ಅಂಥಾ ತೊಗಲು ಎಲ್ಲೆ ಹೊಲಿಸಿದಿ ನೀ?" ಎಂದಳು ಮೊಮ್ಮಗಳು ಪೂಜಾ.

"ನಿಮ್ಮ ಮುತ್ತಜ್ಜಿ ಬಾಯಿಗೆ ಅಂಜಿ ಬಂದ ತೊಗಲಿದು. ನಿನಗೂ ಅಂಥಾ ಅತ್ತಿ ಸಿಗ್ಲಿ, ತಾನ ಬರ್ತೈತಿ."

"ನಾ ರೊಟ್ಟಿ ಕೊಂಡು ತಿಂತೇನಿ ಬಿಡು."

ಎಲ್ಲರೂ ನಕ್ಕರು. ನೇತ್ರಾ ಮಾತ್ರ ಪುಂಡಿಪಲ್ಯದ ಬೋಗುಣಿ ಮುಂದೆ ತಳ್ಳಿ, "ಮಾವಾರ್ನ ಹುಬ್ಬಳ್ಳಿಗೆ ಕರಕೊಂಡು ಹೋಗ್ಬೇಕ್ರಿ" ಎಂದಳು.

"ಮುಳ್ಳಿಗೆ ಹುಬ್ಬಳ್ಳಿ, ಕೆಮ್ಮಿಗೆ ಮುಂಬೈ," ಎಂದ ಕರಿಬಸಪ್ಪ. "ನಿಮ್ಮತ್ತಿ ಮನ್ಯಾಗ ಯಾಕದಾಳ ಮತ್ತ?"

"ರವಿವಾರ ಬಂತಲ್ಲ," ಎಂದಳು ಅನ್ನವ್ವ. "ಎಲಿ ಕಟ್ತೇನಿ. ಬಾವು ಬಂದಿದ್ರ ಇಳೀತೈತಿ."

"ಅತ್ತೀ, ಅವರದು ಸಕ್ರಿ ಬ್ಯಾನಿ. ಮುಳ್ಳ ಜಗ್ಗಿದ್ರ ಗೊತ್ತಾಗ್ಲಿಲ್ಲ ಅವರಿಗೆ. ನಮ್ಮ ದುಂಡಸ್ಯಾಗ ನಮ್ಮ ಕಾಕಾಗೂ ಹಿಂಗ ಸುರು ಆಗಿದ್ದು."

"ದುಂಡಸ್ಯಾಗ ನಾ ಇದ್ದಿದ್ದಿಲ್ಲ."

ಅದು ಜಂಬದ ಮಾತಲ್ಲ. ಅನ್ನವ್ವನ ಕೈಗುಣ ಸವಣೂರಿಗೇ ಗೊತ್ತಿದ್ದದ್ದು. ರವಿವಾರ ಬೆಳಿಗ್ಗೆ ಕಟ್ಟೆಯ ಮೇಲೆ ಜನ ಬಂದು ಕೂಡುತ್ತಿದ್ದರು. ಕುರು ಎದ್ದವರು, ಬಾವು ಬಂದವರು, ಗಾಯ ಮಾಯದೆ ಸೋತವರು. ಅನ್ನವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿ, ಬಲಿತ ಎಲೆಗಳಿಗೆ ಔಡಲೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಅಂಗೈಯಲ್ಲಿ ಬಿಸಿ ನೋಡಿಕೊಂಡು, ಒಂದರ ಮೇಲೊಂದಿಟ್ಟು ಕಟ್ಟುವಳು. ಕಟ್ಟುವಾಗ ಬಾಯಲ್ಲಿ ಒಂದು ವಚನ. ಅತ್ತೆ ಸಾಯುವ ಮುಂಚೆ ಅವಳ ಕೈ ಹಿಡಿದು ಒಪ್ಪಿಸಿದ ಕೆಲಸ ಅದು: ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬಾರದು, ಕೈಯೊಡ್ಡಿ ಏನೂ ತೆಗೆದುಕೊಳ್ಳಬಾರದು. ಮಕ್ತುಮಸಾಬನ ಹೆಂಡತಿ ದಾವಲಬಿ ಬಾಣಂತಿಯಿದ್ದಾಗ ಎದೆ ಬಾತು ಜ್ವರ ಬಂದಾಗಲೂ ಅನ್ನವ್ವನ ಎಲೆಯೇ ಇಳಿಸಿತ್ತು. ಆ ಕೂಸು ಇಜಾಜನಿಗೆ ಈಗ ಎರಡು ಮಕ್ಕಳು.

ರವಿವಾರಕ್ಕೆ ಮುಂಚೆಯೇ ಕಾಲು ಬಾತಿತು. ಹೆಬ್ಬೆರಳು ಕಪ್ಪಿಟ್ಟಿತು. ಪ್ರಶಾಂತ ಯಾರ ಮಾತೂ ಕೇಳದೆ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ತಂದೆಯನ್ನು ಎತ್ತಿ ಕೂಡಿಸುವಾಗ ನೇತ್ರಾಳ ಹಿಂದೆಯೇ ಅನ್ನವ್ವ ಸೆರಗು ಹೊದ್ದು ತಾನೂ ಹತ್ತಿದಳು.

ಹುಬ್ಬಳ್ಳಿಯ ಡಾಕ್ಟರು ಸಣ್ಣ ವಯಸ್ಸಿನವರು. ಸತ್ತ ಚರ್ಮ ಕತ್ತರಿಸಿ ತೆಗೆದು, ಗಾಯದ ಕುಳಿಯೊಳಗೆ ಮೆತ್ತಗಿನ ಬಿಳಿ ಪಟ್ಟಿಯೊಂದನ್ನು ತುಂಬಿದರು. ನೋಡಿದರೆ ಹತ್ತಿಯೂ ಅಲ್ಲ, ಬಟ್ಟೆಯೂ ಅಲ್ಲ.

"ಏನ್ರಿ ಅದು?" ಎಂದಳು ಅನ್ನವ್ವ.

"ಸಮುದ್ರದ ಪಾಚಿಯಿಂದ ಮಾಡಿದ್ದಮ್ಮಾ. ಗಾಯದ ನೀರು ಹೀರ್ಕೊಂಡು ಅಂಟಾಗ್ತೈತಿ. ಒಣಗಗೊಡಂಗಿಲ್ಲ, ಕೊಳೀಗೊಡಂಗಿಲ್ಲ."

"ಅಂದ್ರ ಸೊಪ್ಪು."

"ಒಂದು ನಮೂನಿ ಸೊಪ್ಪಾ ಅನ್ನ್ರಿ."

"ನಮ್ಮ ಎಲಿ ಆದ್ರ ನಡ್ಯಂಗಿಲ್ಲೇನ್ರಿ? ಸವಣೂರ ಎಲಿ."

ಡಾಕ್ಟರು ನಕ್ಕರು. "ಎಲಿ ಕೆಟ್ಟದ್ದಂತ ನಾ ಅನ್ನಂಗಿಲ್ಲ. ಎಲಿ ಮ್ಯಾಲೂ ಶೋಧ ನಡಿಸ್ಯಾರ. ಆದ್ರ ಮನ್ಯಾಗ ಕಟ್ಟಬ್ಯಾಡ್ರಿ. ಇವರ ಕಾಲಿಗೆ ಅರಿವು ಹೋಗೇತಿ. ಬರಿಗಾಲ್ಲೆ ಅಡ್ಡಾಡಬಾರ್ದು. ಬಿಸಿನೀರು ಹಾಕಬಾರ್ದು. ಪಟ್ಟಿ ದಿನಾ ಬಿಟ್ಟು ದಿನಾ ಬದಲಿ ಮಾಡ್ರಿ."

ಪಟ್ಟಿ ಬದಲಿಸುವುದನ್ನು ನರ್ಸು ನೇತ್ರಾಳಿಗೆ ಕಲಿಸಿದಳು. ಅನ್ನವ್ವ ಬಾಗಿಲ ಹತ್ತಿರ ನಿಂತು ನೋಡಿದಳು. ತಿರುಗಿ ಬರುವಾಗ ಗಾಡಿ ಶಿಗ್ಗಾವಿ ದಾಟಿತು. ಆಮೇಲೆ ಅನ್ನವ್ವ ಕಿಟಕಿಯ ಕಡೆ ಮುಖ ಮಾಡಿ, "ನಾ ಸಮುದ್ರ ನೋಡೇ ಇಲ್ಲ," ಎಂದಳು.

ಆಷಾಢ ಹೀಗೇ ಕಳೆಯಿತು. ಗಾಯ ಕೆಂಪಾಗಿ, ಅಂಚಿನಿಂದ ಒಳಗೊಳಗೆ ಕೂಡುತ್ತ ಬಂತು. ನೇತ್ರಾ ಉಪ್ಪುನೀರಿನಲ್ಲಿ ತೊಳೆದು, ಪಟ್ಟಿ ಇಟ್ಟು, ಸುತ್ತಿ, ಕೈ ತೊಳೆದುಕೊಂಡು ಮತ್ತೆ ಬ್ಲೌಸು ಹೊಲಿಯಲು ಕೂಡುವಳು. ಕರಿಬಸಪ್ಪನಿಗೆ ಚಹಾದಲ್ಲಿ ಸಕ್ಕರೆ ನಿಂತಿತು, ಖಾರಾ ನಿಂತಿತು, ತೋಟ ನಿಂತಿತು. ಆಸ್ಪತ್ರೆಯವರು ಹೇಳಿದ ಮೆತ್ತನೆಯ ಚಪ್ಪಲಿ ತಂದಿಟ್ಟಿದ್ದರು. ಅದನ್ನು ಮೆಟ್ಟಿ ತೋಟಕ್ಕೆ ಹೋಗುವಂತಿಲ್ಲ, ಮೆಟ್ಟದೆ ಎಲ್ಲಿಗೂ ಹೋಗುವಂತಿಲ್ಲ. ಕಟ್ಟೆಯ ಮೇಲೆ ಕುಳಿತು ದಾರಿಯಲ್ಲಿ ಹೋಗುವವರನ್ನೆಲ್ಲ ಕೇಳುವನು.

"ನಮ್ಮ ತ್ವಾಟ ನೋಡಿದ್ಯೇನು? ನೀರ ಬಿಟ್ಟಾನೇನು ಪ್ರಶಾಂತ?"

ಮಧ್ಯಾಹ್ನ ಮಕ್ತುಮಸಾಬ ಬರುವನು. ಇಬ್ಬರೂ ಸಕ್ಕರೆಯಿಲ್ಲದ ಚಹಾ ಕುಡಿಯುವರು. ಅವನಿಗೂ ಅದೇ ಬ್ಯಾನಿ.

"ಏನ್ ಕರಿಬಸಣ್ಣಾ, ಚಹಾ ಐತೋ ಬ್ಯಾಳಿ ಕಟ್ಟೋ?"

"ಸೊಸಿ ಕೊಟ್ಟದ್ದು ಕುಡಿ. ಹೆಸರ ಕೇಳಬ್ಯಾಡ."

ಅನ್ನವ್ವ ಒಳಗೆ ಕಾಳು ಹಸನು ಮಾಡುತ್ತ ಕೂಡುವಳು. ರವಿವಾರ ಎಲೆ ಕಟ್ಟಿಸಿಕೊಳ್ಳಲು ಬಂದವರು ಕರಿಬಸಪ್ಪನ ಕಾಲಿನ ಬಿಳಿ ಸುತ್ತು ನೋಡಿ, ಆಮೇಲೆ ಅವಳ ಮುಖ ನೋಡುತ್ತಿದ್ದರು. ಒಬ್ಬಳು ಕೇಳಿಯೇ ಬಿಟ್ಟಳು, "ಮನ್ಯಾಗ ಗಂಗಿ ಇಟಗೊಂಡು ನೀರ ಕೊಂಡು ತಂದ್ರೇನವ್ವಾ?" ಅನ್ನವ್ವ ಮುಂದಿನ ಎಲೆಗೆ ಎಣ್ಣೆ ಸವರಿದಳು. ಅವತ್ತು ಊಟಕ್ಕೆ ಕೂತಾಗ ಸೊಸೆಗೆ ಅಂದಳು:

"ಸಮುದ್ರದ ಸೊಪ್ಪಾದ್ರ ನಡೀತೈತಿ, ತ್ವಾಟದ ಎಲಿ ನಡ್ಯಂಗಿಲ್ಲ. ಅಲ್ಲ?"

"ನಾ ಹಂಗ ಅಂದಿಲ್ರಿ ಅತ್ತೀ. ಡಾಕ್ಟ್ರು ಅಂದದ್ದು."

"ಡಾಕ್ಟ್ರು ಕೆಟ್ಟದ್ದಲ್ಲ ಅಂದ್ರು. ನಾನೂ ಅಲ್ಲೇ ಇದ್ದೆ."

"ಮನ್ಯಾಗ ಬ್ಯಾಡ ಅಂದದ್ದೂ ಕೇಳಿದ್ರಲ್ಲ?"

"ನೂರಾರು ಮಂದಿಗೆ ಕಟ್ಟೇನಿ ನಾ. ಒಬ್ಬರೂ ಕೆಟ್ಟಾತು ಅಂದಿಲ್ಲ."

"ಅವರ ಕಾಲಿಗೆ ನೋವು ತಿಳೀತಿತ್ರಿ."

ಪ್ರಶಾಂತ ತಾಟಿನಲ್ಲಿ ಕೈಯಾಡಿಸುತ್ತ, "ಅವ್ವಾ, ಗಾಯ ಮಾಯಾಕತ್ತೈತಿ. ಯಾರಿಂದ ಮಾಯ್ತು ಅನ್ನೂದು ಯಾಕ ಬೇಕು?" ಎಂದ.

"ನನಗ ಬೇಕಾಗೇತಿ," ಎಂದು ಅನ್ನವ್ವ ಎದ್ದು ಹೋದಳು. ಅವತ್ತು ಅವಳ ಪಾಲಿನ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು.

ಶ್ರಾವಣದಲ್ಲಿ ದುಂಡಸಿಯಿಂದ ಫೋನು ಬಂತು. ನೇತ್ರಾಳ ತಾಯಿ ಬಾವಿಯ ಕಟ್ಟೆಯ ಮೇಲೆ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು. ನೇತ್ರಾ ಚೀಲ ತುಂಬುತ್ತಲೇ ಮಗಳಿಗೆ ಎಲ್ಲ ಹೇಳಿದಳು. ಪೂಜಾ ಒಂದು ಸಲ ಸರಿಯಾಗಿಯೇ ಪಟ್ಟಿ ಬದಲಿಸಿದಳು. ಮರುಸಲಕ್ಕೆ ನೋಡಿದರೆ ಪಟ್ಟಿ ತೀರಿತ್ತು. ಹಾವೇರಿಯ ಕಾಲೇಜಿನಿಂದ ಬರುವಾಗ ತರುತ್ತೇನೆ ಎಂದಳು. ಅವತ್ತು ಪರೀಕ್ಷೆ ತಡವಾಗಿ ಮುಗಿಯಿತು, ಅಂಗಡಿ ಮುಚ್ಚಿತ್ತು. ಪ್ರಶಾಂತ ತರುತ್ತೇನೆ ಎಂದ. ಶ್ರಾವಣದಲ್ಲಿ ಎಲೆಗೆ ಗಿರಾಕಿ ಹೆಚ್ಚು. ಪೆಂಡಿ ಕಟ್ಟಿ ಕಳಿಸುವುದರೊಳಗೆ ಮರೆತ. ಬೈಸಿಕೊಂಡ ಮೇಲೆ, "ನಾಳಿ ಖಂಡಿತ" ಎಂದ.

ನಾಳೆಯೆಂದರೆ ರವಿವಾರ.

ಬೆಳಿಗ್ಗೆ ಕರಿಬಸಪ್ಪ ಪಡಸಾಲೆಯ ಮಂಚದ ಮೇಲೆ ಕುಳಿತು ಹೆಂಡತಿಯನ್ನೇ ನೋಡುತ್ತಿದ್ದ. ಅವಳು ಒಬ್ಬೊಬ್ಬರಿಗೇ ಎಲೆ ಕಟ್ಟಿ ಕಳಿಸಿದಳು. ಬಂದವರು ಅವಳ ಕಾಲು ಮುಟ್ಟಿ ಹೋದರು. ಕೊನೆಯವನೂ ಇಳಿದು ಹೋದ ಮೇಲೆ ಮನೆಯಲ್ಲಿ ಔಡಲೆಣ್ಣೆಯ ವಾಸನೆ ಮಾತ್ರ ಉಳಿಯಿತು. ಪ್ರಶಾಂತ ಪೇಟೆಗೆ ಹೋಗಿದ್ದ. ಪೂಜಾ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು.

"ಎಲಿ ಉಳದಾವೇನು?" ಎಂದ ಕರಿಬಸಪ್ಪ.

"ಯಾಕ್ರಿ?"

"ನನಗೊಂದು ಕಟ್ಟು."

ಅನ್ನವ್ವ ಬಾಗಿಲ ಕಡೆ ನೋಡಿದಳು. "ನೇತ್ರಾ ಬೈತಾಳ."

"ಆಕಿ ಊರಾಗಿಲ್ಲ. ಪಟ್ಟೀನೂ ಇಲ್ಲ. ಊರ ಮಂದೀಗೆಲ್ಲ ಕಟ್ತಿ. ನಾ ಏನ್ ಪಾಪ ಮಾಡೇನಿ?"

ಅವಳು ಒಲೆಯ ಮುಂದೆ ಕುಳಿತಳು. ಇದ್ದುದರಲ್ಲಿ ದೊಡ್ಡ ಎಲೆ ಆರಿಸಿದಳು. ಎಲ್ಲರಿಗಿಂತ ಹೆಚ್ಚು ಎಣ್ಣೆ ಸವರಿದಳು, ಎಲ್ಲರಿಗಿಂತ ಹೆಚ್ಚು ಹೊತ್ತು ಕೆಂಡದ ಮೇಲೆ ಹಿಡಿದಳು. ತಿಂಗಳುಗಟ್ಟಲೆಯ ಗಾಯ, ಕಾವು ಒಳಗೆ ಇಳಿಯಬೇಕು ಎಂದು ಅವಳ ಲೆಕ್ಕ. ಅಂಗೈಯಲ್ಲಿಟ್ಟು ನೋಡಿದಳು. ಹಿತವಾಗಿತ್ತು. ಗಂಡನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಲ್ಲಿ ವಚನ ನುಡಿಯುತ್ತ, ಎಲೆಯ ಮೇಲೆ ಎಲೆಯಿಟ್ಟು ಬಿಗಿಯಾಗಿ ಕಟ್ಟಿದಳು.

"ಹೆಂಗೈತ್ರಿ?"

ಕರಿಬಸಪ್ಪನಿಗೆ ಏನೂ ತಿಳಿದಿರಲಿಲ್ಲ. ಅವನು ಅವಳ ಮುಖ ನೋಡಿದ. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಒಂದು ತಿಳಿ ಬಂದಿತ್ತು.

"ಬೆಚ್ಚಗ ಹಿತಾ ಆತು," ಎಂದ. "ಇಷ್ಟು ದಿನದಾಗ ಇವತ್ತ ಕಾಲಿಗೆ ಜೀವ ಬಂದಂಗಾತು ನೋಡು."

ಅನ್ನವ್ವ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಮಧ್ಯಾಹ್ನ ಹೆಸರುಬೇಳೆಯ ಪಾಯಸ ಮಾಡಿ, ಒಂದೇ ಚಮಚ ಎಂದು ಹೇಳಿ, ಎರಡು ಚಮಚ ಹಾಕಿದಳು.

ಪ್ರಶಾಂತ ಪಟ್ಟಿ ತಂದ. "ಅವ್ವ ಕಟ್ಯಾಳ, ಹಂಗ ಇರ್ಲಿ," ಎಂದ ಕರಿಬಸಪ್ಪ. ಪ್ರಶಾಂತನಿಗೆ ಪೆಂಡಿ ಕಟ್ಟುವ ಅವಸರ. ಇರಲಿ ಎಂದ. ಎಲೆ ಮೂರು ದಿನ ಬಿಚ್ಚಬಾರದೆಂದು ಅನ್ನವ್ವನ ಅತ್ತೆಯ ಕಾಲದಿಂದ ಬಂದ ಪದ್ಧತಿ. ಬಿಚ್ಚಲಿಲ್ಲ.

ಬುಧವಾರ ಮುಂಜಾನೆ ದುಂಡಸಿಯ ಬಸ್ಸಿಳಿದು ಬಂದ ನೇತ್ರಾ ಚೀಲ ಇಡುವ ಮುಂಚೆಯೇ ಮೂಗು ಅರಳಿಸಿದಳು.

"ಏನ್ ವಾಸನಿ ಇದು?"

ಮಾವನ ಮೈ ಜ್ವರದಿಂದ ಸುಡುತ್ತಿತ್ತು. ಕಟ್ಟು ಬಿಚ್ಚಿದಳು. ಕಪ್ಪಾದ ಎಲೆ ಚರ್ಮದ ಸಮೇತ ಬಂತು. ಗಾಯದ ಸುತ್ತ, ಅಂಗಾಲಿನಿಂದ ಹಿಮ್ಮಡದವರೆಗೆ ಬೊಬ್ಬೆಯೆದ್ದು ಒಡೆದಿತ್ತು. ಬೊಬ್ಬೆಯ ಅಂಚು ಎಲೆಯ ಅಂಚಿನ ಹಾಗೇ ಕೊನೆಗೆ ಚೂಪಾಗಿತ್ತು.

ನೇತ್ರಾ ಒದರಲಿಲ್ಲ. ಪ್ರಶಾಂತನಿಗೆ ಫೋನು ಮಾಡಿ ಗಾಡಿ ತರಲು ಹೇಳಿದಳು. ಆಮೇಲೆ ಅಡಿಗೆಮನೆಗೆ ಬಂದಳು.

"ಅತ್ತೀ, ಬಿಸಿನೀರು ಹಾಕಿದ್ರೇನ್ರಿ?"

"ಇಲ್ಲವ್ವಾ. ಡಾಕ್ಟ್ರು ಬ್ಯಾಡ ಅಂದಾರ. ಒಂದ ಹನಿ ಹಾಕಿಲ್ಲ."

"ಎಲಿ ಎಷ್ಟ ಕಾಸಿದ್ರಿ?"

"ಒಂದೀಟ ಹೆಚ್ಚ, ಕಾವು ಒಳಗ ಇಳೀಲಿ ಅಂತ. ಕೈಯಾಗ ಹಿಡದು ನೋಡೇನಿ."

"ಹೆಂಗ, ತೋರಸ್ರಿ."

ಒಲೆಯಲ್ಲಿ ಇನ್ನೂ ಕೆಂಡವಿತ್ತು. ಅನ್ನವ್ವ ಒಂದು ಎಲೆಗೆ ಎಣ್ಣೆ ಸವರಿ ಹಿಡಿದಳು. ಎಲೆ ಮುದುಡಿತು, ಎಣ್ಣೆ ಚುರುಗುಟ್ಟಿತು. ತೆಗೆದು ಅಂಗೈಯಲ್ಲಿಟ್ಟುಕೊಂಡಳು. "ಇಷ್ಟ ನೋಡು. ಇಷ್ಟ ಕಾವು. ಕೂಸಿಗೂ ಕಟ್ಟಬೋದು," ಎಂದು ಸೊಸೆಯ ಕೈಮೇಲೆ ಹಾಕಿದಳು.

ನೇತ್ರಾ ಕೈ ಕೊಡವಿದಳು. ಎಲೆ ನೆಲಕ್ಕೆ ಬಿತ್ತು. ಅವಳ ಅಂಗೈಯ ನಡುವೆ ಕೆಂಪಗೆ ಗುರುತು ಮೂಡಿತು.

ಅನ್ನವ್ವ ಆ ಗುರುತನ್ನು ನೋಡಿದಳು. ಬಗ್ಗಿ ನೆಲದ ಮೇಲಿನ ಎಲೆಯನ್ನು ಎತ್ತಿಕೊಂಡಳು, ಮತ್ತೊಮ್ಮೆ ಅಂಗೈಯಲ್ಲಿ ಒತ್ತಿ ಹಿಡಿದಳು. ಇನ್ನೊಂದು ಕೈಗೆ ಬದಲಿಸಿ ಒತ್ತಿ ಹಿಡಿದಳು.

"ಮಂದಿ ಯಾರೂ ಅಂದಿಲ್ಲಲ್ಲ ನೇತ್ರಾ," ಎಂದಳು. "ಇಷ್ಟು ವರ್ಷ."

"ಸುಟ್ರ ಅವರು ಕಾಲ ಹಿಂದ ಜಗ್ತಿದ್ರು, ಅತ್ತೀ. ನೀವು ಊದಿ ಆರಿಸಿ ಕಟ್ತಿದ್ರಿ."

ಹೊರಗೆ ಗಾಡಿಯ ಹಾರ್ನು ಕೇಳಿಸಿತು.

ಹುಬ್ಬಳ್ಳಿಯಲ್ಲಿ ಅದೇ ಡಾಕ್ಟರು. ಈ ಸಲ ನಗಲಿಲ್ಲ. "ಇದು ಸುಟ್ಟ ಗಾಯ. ಯಾರು ಸುಟ್ಟಿದ್ದು?" ಎಂದರು.

ಅನ್ನವ್ವ ಬಾಯಿ ತೆರೆದಳು. ಅಷ್ಟರಲ್ಲಿ ನೇತ್ರಾ, "ಬಚ್ಚಲದಾಗ ಬಿಸಿನೀರು ಬಿತ್ತ್ರಿ. ನಾ ಊರಾಗ ಇದ್ದಿದ್ದಿಲ್ಲ," ಎಂದಳು. ಡಾಕ್ಟರು ಅವಳ ಕಡೆ ಒಂದು ಕ್ಷಣ ನೋಡಿ, ಬರೆದುಕೊಂಡು ಹೋದರು. ಅತ್ತೆ ಸೊಸೆ ಇಬ್ಬರೂ ಬೆಂಚಿನ ಮೇಲೆ ಮಗ್ಗುಲಲ್ಲೇ ಕುಳಿತರು. ಅನ್ನವ್ವ ಏನೋ ಹೇಳಲು ಸೊಸೆಯ ಮೊಣಕೈ ಮುಟ್ಟಿದಳು. ನೇತ್ರಾ, "ಸುಮ್ನಿರ್ರಿ ಅತ್ತೀ," ಎಂದಳು.

ವಿಷ ಮೇಲೇರುತ್ತಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಿದರು.

ಮನೆಗೆ ಬಂದ ಮೇಲೆ ನೋಡಲು ಬರುವವರ ಸಾಲು. ಬಂದವರಿಗೆಲ್ಲ ಕರಿಬಸಪ್ಪ ಒಂದೇ ಮಾತು ಹೇಳುವನು. "ಆ ಸಮುದ್ರದ ಪಾಚಿ ನೋಡ್ರಿ, ಅದು ಒಳಗ ಕೊಳೀಸ್ತು. ಇಕಿ ಎಲಿ ಮೊದಲ ದಿನಾ ಬಿದ್ದಿದ್ರ ಈ ಕಾಲು ನೆಲದ ಮ್ಯಾಲಿರ್ತಿತ್ತು. ತಡಾ ಆತು. ಮೂರ ದಿನಕ್ಕ ಎಲಿ ಎಷ್ಟಂತ ಜಗ್ಗೀತು?"

ಬಂದವರು ನೇತ್ರಾಳ ಕಡೆ ನೋಡುವರು. ಅವಳು ಚಹಾದ ತಟ್ಟೆ ಹಿಡಿದು ನಿಂತಿರುವಳು. ಒಬ್ಬ ಮುದುಕ, "ಈಗಿನ ಸೊಸ್ತೇರಿಗೆ ಹುಬ್ಬಳ್ಳಿ ಅಂದ್ರ ದೇವ್ರು," ಎಂದ. ಹೊಲಿಸಲು ಬಟ್ಟೆ ತಂದ ನೆರೆಯವಳೂ ಅದನ್ನೇ ನಯವಾಗಿ ಆಡಿದಳು. ಅನ್ನವ್ವ ಒಳಗೆ ಒಲೆಯ ಮುಂದೆ ಕುಳಿತಿರುವಳು. ಎಲ್ಲವೂ ಕೇಳಿಸುತ್ತಿತ್ತು.

ಪ್ರಶಾಂತನೂ ಒಂದು ದಿನ ಊಟಕ್ಕೆ ಕೂತು ಅಂದ:

"ಮೊದಲ ರವಿವಾರ ಅವ್ವನ ಮಾತ ಕೇಳಿದ್ರ ಚೊಲೋ ಆಗ್ತಿತ್ತೇನೋ."

ನೇತ್ರಾ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಪಟ್ಟಿ ತರೂದು ಮರತವರು ಯಾರು?"

"ನಾನ. ಅದಕ್ಕ ಏನಂತಿ?"

"ಏನೂ ಅನ್ನಂಗಿಲ್ಲ. ನಿಮ್ಮವ್ವನ್ನ..." ಎಂದವಳು ಅಲ್ಲಿಗೇ ನಿಂತಳು. ಅತ್ತೆ ರೊಟ್ಟಿ ಹಿಡಿದುಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದಿದ್ದಳು. "ಸಾರು ಆರ್ತೈತಿ, ಉಣ್ರಿ," ಎಂದು ನೇತ್ರಾ ಒಳಗೆ ಹೋದಳು.

ಅನ್ನವ್ವ ಮಗನ ತಾಟಿಗೆ ರೊಟ್ಟಿ ಹಾಕಿ ನಿಂತೇ ಇದ್ದಳು. "ಏನವ್ವಾ?" ಎಂದ ಪ್ರಶಾಂತ. "ಏನಿಲ್ಲ," ಎಂದಳು.

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಸೊಸೆಯ ಮಗ್ಗುಲಲ್ಲಿ ಬಂದು ಕುಳಿತಳು. "ನಾ ಹೇಳಿಬಿಡ್ತೇನಿ ನೇತ್ರಾ."

"ಹೇಳಿದ್ರ ಕಾಲು ಬರ್ತೈತೇನ್ರಿ?"

"ನಿನಗ ಅಂತಾರಲ್ಲ."

"ನನಗಂದ್ರ ನಾ ಮಿಷಿನ್ ತುಳಕೋತ ಮರೀತೇನಿ. ಮಾವಾರಿಗೆ ನಿಮ್ಮ ಕೈ ಬಿಟ್ರ ಏನೈತಿ ಈಗ? ಆ ಎಲಿ ನಂಬಿಕೊಂಡ ಕುಂತಾರ. ಇರ್ಲಿ ಬಿಡ್ರಿ."

ಅನ್ನವ್ವ ಬೂದಿಯೊಳಗೆ ಕೈಯಿಟ್ಟು ತಂಬಿಗೆ ತಿಕ್ಕತೊಡಗಿದಳು.

ರವಿವಾರಗಳಲ್ಲಿ ಅವಳು ಎಲೆ ಕಟ್ಟುವುದು ತಪ್ಪಿತು. ಒಂದು ವಾರ ಔಡಲೆಣ್ಣೆ ತೀರಿದೆ ಎಂದಳು. ಇನ್ನೊಂದು ವಾರ ಬೆಳಕು ಹರಿಯುವ ಮುಂಚೆಯೇ ಗುಡಿಗೆ ಹೋಗಿ, ಕಟ್ಟೆಯ ಮೇಲಿನವರು ಎದ್ದು ಹೋದ ಮೇಲೆ ಬಂದಳು. ಗಂಡನ ಸೇವೆಯಲ್ಲಿದ್ದಾಳೆ, ಪಾಪ, ಎಂದು ಜನ ತಾವೇ ತಿಳಿದುಕೊಂಡರು. ಇಲ್ಲ ಎಂದು ಅವಳು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಕಂಡಲ್ಲೆಲ್ಲ ಕೇಳಿದವರಿಗೆ, "ಮುಂದಿನ ವಾರ ನೋಡೂಣು," ಎನ್ನುವಳು.

ಶೀಗಿ ಹುಣ್ಣಿವೆ ಮುಗಿದ ಮೇಲಿನ ರವಿವಾರ. ಪೂಜಾ ಅಜ್ಜನಿಗೆ ಚಹಾ ಕೊಡುತ್ತಿದ್ದಳು, ನೇತ್ರಾ ಮಿಷಿನ್ನಿಗೆ ದಾರ ಪೋಣಿಸುತ್ತಿದ್ದಳು. ದಾವಲಬಿ ಗಂಡನ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದಳು. ಮಕ್ತುಮಸಾಬ ಬಲಗಾಲನ್ನು ಊರದೆ ಕುಂಟುತ್ತಿದ್ದ. ಹಿಮ್ಮಡಕ್ಕೆ ಒಂದು ಹಳೆಯ ಅರಿವೆ ಸುತ್ತಿತ್ತು.

"ಬಾ ಮಕ್ತುಮ, ಬಾ," ಎಂದ ಕರಿಬಸಪ್ಪ. "ನೀನೂ ನನ್ನ ಜೋಡಿ ಕುಂಡ್ರಾಕ ಬಂದ್ಯೇನು?"

ಮಕ್ತುಮಸಾಬ ನಗುತ್ತ ಕುಳಿತ, ನಗು ಪೂರ್ತಿ ಆಗಲಿಲ್ಲ.

"ಅನ್ನಕ್ಕಾ," ಎಂದು ಕರೆದಳು ದಾವಲಬಿ. ಅನ್ನವ್ವ ಹೊರಗೆ ಬಂದಳು. "ಇವರ ಹಿಮ್ಮಡ ಬಿರದಿತ್ತು. ಹಂಗ ತ್ವಾಟಕ್ಕ ಹೋಗ್ಯಾರ. ಕೀವು ಆಗೇತಿ. ಇವರಿಗೆ ತಿಳದೇ ಇಲ್ಲ, ಹಾಸಿಗ್ಯಾಗ ಕಲಿ ನೋಡಿ ನಾ ಕೇಳಿದ್ದು. ಇಜಾಜ ಹುಬ್ಬಳ್ಳಿಗೆ ನಡೀರಿ ಅಂತಾನ. ಇವರು ಸತ್ರೂ ಒಲ್ಲೆ ಅಂತಾರ. ಕರಿಬಸಣ್ಣನ ಕಾಲ ನೋಡಿ ಅಂಜ್ಯಾರ. ನೀ ಒಂದ ಎಲಿ ಕಟ್ಟವ್ವಾ. ನನ್ನ ಜೀವಾ ಉಳಿಸಿದ ಕೈ ಅದು."

"ನನಗ ಆ ಪಾಚಿ ಬ್ಯಾಡ," ಎಂದ ಮಕ್ತುಮಸಾಬ. "ಅನ್ನವ್ವನ ಎಲಿ ಸಾಕು."

"ಕಟ್ಟು," ಎಂದ ಕರಿಬಸಪ್ಪ ಮಂಚದಿಂದಲೇ. "ಪೂಜಾ, ಬುಟ್ಟಿ ತಾ. ಬಲತ ಎಲಿ ಆರಿಸು. ನನ್ನ ಹಂಗ ತಡಾ ಆಗೂದು ಬ್ಯಾಡ ಅವಂಗ."

ಪೂಜಾ ಎದ್ದಳು. ನೇತ್ರಾಳ ಕೈಯಲ್ಲಿನ ದಾರ ಸೂಜಿಯ ಕಣ್ಣಿನ ಹತ್ತಿರವೇ ನಿಂತಿತು. ಅನ್ನವ್ವ ನೆಲಕ್ಕೆ ಕುಳಿತು ಮಕ್ತುಮಸಾಬನ ಅರಿವೆ ಬಿಚ್ಚಿ ನೋಡಿದಳು. ಹಾಗೇ ಮೆಲ್ಲಗೆ ಮುಚ್ಚಿದಳು.

"ಬುಟ್ಟಿ ಅಲ್ಲೇ ಇಡು ಪೂಜಾ," ಎಂದಳು. "ದಾವಲಬಿ, ಇವರ್ನ ಕರಕೊಂಡು ಈಗಿಂದೀಗ ಹುಬ್ಬಳ್ಳಿಗೆ ಹೋಗ್ರಿ. ನೇತ್ರಾ ಜೋಡಿ ಬರ್ತಾಳ. ಆಕಿಗೆ ದವಾಖಾನಿ ಗೊತ್ತೈತಿ."

"ಅಕ್ಕಾ, ಕರಿಬಸಣ್ಣಗ ಆ ಪಾಚಿ..."

"ಪಾಚಿ ಏನೂ ಮಾಡಿಲ್ಲ. ಅದರಿಂದ ಮಾಯಾಕತ್ತಿತ್ತು. ಕಾಲ ಸುಟ್ಟದ್ದು ನನ್ನ ಎಲಿ."

"ಅತ್ತೀ," ಎಂದಳು ನೇತ್ರಾ.

"ಬಚ್ಚಲದಾಗ ನೀರು ಬಿದ್ದಿಲ್ಲ. ಆಕಿ ಡಾಕ್ಟ್ರಿಗೆ ಸುಳ್ಳ ಹೇಳಿದ್ಲು, ನನ್ನ ಸಲುವಾಗಿ."

ಕರಿಬಸಪ್ಪನ ಕೈಯಲ್ಲಿನ ಬಟ್ಟಲು ಓರೆಯಾಗಿ ಚಹಾ ಹಾಸಿಗೆಯ ಮೇಲೆ ಚೆಲ್ಲಿತು. ಪೂಜಾ ಬಟ್ಟಲು ತೆಗೆದುಕೊಂಡಳು.

"ಏನರ ಮಾತಾಡಬ್ಯಾಡ," ಎಂದ ಅವನು. "ಅವತ್ತ ನೀ ಕೇಳಿದಿ. ಬೆಚ್ಚಗ ಹಿತಾ ಆಗೇತಿ ಅಂತ ನಾ ಅಂದಿದ್ನಲ್ಲ."

"ಅಂದಿದ್ರಿ. ನಿಮಗ ತಿಳದಿತ್ತೇನ್ರಿ?"

ಮಡಿಚಿ ಪಿನ್ನು ಹಾಕಿದ ಧೋತರದ ಕಡೆ ಕರಿಬಸಪ್ಪನ ಕಣ್ಣು ಹೋಗಿ, ಅಲ್ಲಿಂದ ಮಕ್ತುಮಸಾಬನ ಹಿಮ್ಮಡದ ಕಡೆ ಹೋಯಿತು.

"ಇಲ್ಲ," ಎಂದ. "ನೀ ಹಿಗ್ಗಲಿ ಅಂತ ಅಂದೆ."

ಅನ್ನವ್ವ ತಲೆ ತಗ್ಗಿಸಿದಳು.

"ಹೋದದ್ದು ನನ್ನ ಕಾಲು. ಅದರಾಗ ನಂದೂ ಪಾಲೈತಿ," ಎಂದ ಕರಿಬಸಪ್ಪ. "ಅದಕ್ಕ ನಿನ್ನ ಕೈ ಮುಚಗೋಬ್ಯಾಡ. ಕಾಸೂದ ಬಿಡು. ತಣ್ಣಂದು ಕಟ್ಟು. ಹಸೀ ಎಲಿನ ಕಟ್ಟು. ಬಾಗಲಿಗೆ ಬಂದಾವ ನಮ್ಮ ಮಕ್ತುಮ. ನಮ್ಮವ್ವಗ ಏನಂತ ಮಾತ ಕೊಟ್ಟಿದ್ದಿ? ನಾ ಕೇಳಾಕತ್ತೇನಿ. ನಿನಗ ನಾ ಎಂದರ ಏನರ ಕೇಳೇನೇನು?"

ಮಕ್ತುಮಸಾಬ ಕಾಲನ್ನು ಅವಳ ಕಡೆ ಇನ್ನಷ್ಟು ಚಾಚಿದ. ದಾವಲಬಿ ಬುಟ್ಟಿಯನ್ನು ಹತ್ತಿರ ಸರಿಸಿದಳು.

"ಇಲ್ರಿ," ಎಂದಳು ಅನ್ನವ್ವ. "ನಾ ಕಟ್ಟಂಗಿಲ್ಲ."